ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೆ ನಾಣ್ಯಗಳು: ಅಸಲಿಯೋ ಖೋಟಾನೋ, ಹೇಗೆ ತಿಳಿಯೋದು?

ಹೊಂಗೆಮರ:
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿ ತೀರಿಕೊಂಡ ಮೇಲೆ ಅವರ ಮರದ ಪೆಟ್ಟಿಗೆ ತೆಗೆದೆವು. ಬಟ್ಟೆಯ ಗಂಟೊಂದರಲ್ಲಿ ಹಳೆ ನಾಣ್ಯಗಳಿದ್ದವು. ಅಪ್ಪ, ಚಿಕ್ಕಪ್ಪ, ಸೋದರತ್ತೆ ಮೂರು ಜನಕ್ಕೂ ಪಾಲಾಗಬೇಕು.

ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಮೂರಿವೆ. ಮೂರರಲ್ಲೂ 1862 ಅಂತಲೇ ಇದೆ. ಒಂದಕ್ಕೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದಾರೆ. ಇನ್ನೊಂದರ ಅಂಚಿನಲ್ಲಿ ಉಳಿ ಇಟ್ಟು ಹೊಡೆದಂತೆ ಆಳವಾದ ಕಚ್ಚು ಇದೆ. ಆಮೇಲೆ ಆನೆ ಇರುವ ತಾಮ್ರದ ಕಾಸು ಒಂದು. ಮನೆಯಲ್ಲಿ ಎಲ್ಲರೂ ಅದನ್ನು ಟಿಪ್ಪು ಕಾಸು ಅಂತಾರೆ. ಕೊನೆಯದು ಹಳದಿ ಲೋಹದ ದೊಡ್ಡ ನಾಣ್ಯ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒನ್ ಆಣೆ, 1818.

ಚಿಕ್ಕಪ್ಪ ಯಾವುದೋ ವಿಡಿಯೋ ನೋಡಿದ್ದಾರೆ. ರಾಮನ ನಾಣ್ಯಕ್ಕೆ ಲಕ್ಷಗಟ್ಟಲೆ ಬರುತ್ತಂತೆ, ಅದು ನನಗಿರಲಿ, ರೂಪಾಯಿಗಳನ್ನು ನೀವೇ ಇಟ್ಟುಕೊಳ್ಳಿ ಅಂತಿದ್ದಾರೆ. ಅತ್ತೆಗೆ ಟಿಪ್ಪು ಕಾಸು ಬೇಕಂತೆ. ಮಾರುವ ಯೋಚನೆ ಯಾರಿಗೂ ಇಲ್ಲ. ಆದರೆ ಯಾವುದು ಅಸಲಿ ಅಂತ ತಿಳಿಯದೆ ಪಾಲು ಮಾಡಿದರೆ ನಾಳೆ ಮನಸ್ತಾಪ ಅಲ್ವಾ? ಎಲ್ಲಾ ಕಪ್ಪಾಗಿವೆ. ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೋ ಹಾಕ್ತೀನಿ.

ಹಳೆಕಾಸು:
ಅಕ್ಕಾ, ತಿಕ್ಕಬೇಡಿ! ಹುಣಸೆಹಣ್ಣೂ ಬೇಡ, ಬೂದಿಯೂ ಬೇಡ, ಹಲ್ಲುಪೇಸ್ಟೂ ಬೇಡ. ಆ ಕಪ್ಪು ಪದರ ವರ್ಷಗಟ್ಟಲೆ ಕೂತು ಬಂದದ್ದು. ಅಸಲಿಯೋ ಅಲ್ಲವೋ ಅಂತ ನೋಡುವವರು ಮೊದಲು ನೋಡೋದೇ ಅದನ್ನು. ತಿಕ್ಕಿದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು. ಇದ್ದ ಹಾಗೇ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಎರಡು ಮುಖ ಮಾತ್ರ ಅಲ್ಲ, ಅಂಚಿನದೂ ಬೇಕು. ನಾಣ್ಯವನ್ನು ಅಂಚು ಹಿಡಿದೇ ಎತ್ತಿ. ಬೆರಳಿನ ಬೆವರು ಮುಖಕ್ಕೆ ತಾಗಬಾರದು.

ನಿಂಬೆಹುಳಿ:
ಮೂರು ರೂಪಾಯಿಯಲ್ಲೂ ಒಂದೇ ಇಸವಿ ಅಂದರೆ ಒಂದೇ ಅಚ್ಚಿನಲ್ಲಿ ಯಾರೋ ಮಾಡಿಟ್ಟಿದ್ದಾರೆ ಅಂತ ಅಲ್ವಾ? ನನಗೇನೋ ಅನುಮಾನ.

ಹಳೆಕಾಸು:
ಹಾಗೇನಿಲ್ಲ. 1862ರ ನಂತರ 1873ರವರೆಗೂ ಟಂಕಸಾಲೆಯವರು ರೂಪಾಯಿಯ ಮೇಲಿನ ಇಸವಿ ಬದಲಿಸಲೇ ಇಲ್ಲ. ಹೊಡೆದಿದ್ದೆಲ್ಲ 1862 ಅಂತಲೇ. 1874ರಿಂದ ಮತ್ತೆ ವರ್ಷ ವರ್ಷದ ಇಸವಿ ಬಂತು. ಹಾಗಾಗಿ ಹಳೆ ಮನೆಗಳಲ್ಲಿ ಅತಿ ಹೆಚ್ಚು ಸಿಗೋದು ಇದೇ. ಅನುಮಾನ ಪಡಬೇಕಾದ್ದು ಇಸವಿಗೂ ಬರಹಕ್ಕೂ ಹೊಂದಾಣಿಕೆ ಇಲ್ಲದಿದ್ದಾಗ. ರಾಣಿ ‘ಎಂಪ್ರೆಸ್’ ಆದದ್ದು 1877ರಲ್ಲಿ. 1862ರ ರೂಪಾಯಿಯಲ್ಲಿ ‘ವಿಕ್ಟೋರಿಯಾ ಕ್ವೀನ್’ ಅಂತಲೇ ಇರಬೇಕು. ‘ಎಂಪ್ರೆಸ್’ ಅಂತ ಇದ್ದರೆ ತೂಕ ಕೂಡ ಹಾಕುವುದು ಬೇಡ, ಖೋಟಾನೇ.

ಹೊಂಗೆಮರ:
ಫೋಟೋ ಹಾಕಿದ್ದೀನಿ. ತಿಕ್ಕಿಲ್ಲ. ಮೂರರಲ್ಲೂ ಕ್ವೀನ್ ಅಂತಲೇ ಇದೆ.

ಪಟ್ಟಣದವ:
ರಾಮನ ನಾಣ್ಯದ ಫೋಟೋ ನೋಡಿದೆ. ನಾನು ಶ್ರೀರಂಗಪಟ್ಟಣದವನು. ಇಂಥವು ಪ್ರವಾಸಿಗರ ಕೈಗೆ ದಿನಾ ಹೋಗ್ತವೆ. ಕೋಟೆ ಸುತ್ತ ಯಾರಾದರೂ ಗುಟ್ಟಾಗಿ ಜೇಬಿನಿಂದ ತೆಗೆದು ‘ಹೊಲ ಉಳುವಾಗ ಸಿಕ್ತು ಸ್ವಾಮಿ’ ಅಂದರೆ, ಅದು ಹೊಲದ್ದಲ್ಲ, ಎರಕದ ಅಂಗಡೀದು ಅಂತ ತಿಳ್ಕೊಳ್ಳಿ.

ಕಂಪನಿಯವರು ರಾಮ ಪಟ್ಟಾಭಿಷೇಕದ ಒಂದಾಣೆ ಹೊಡೆದೇ ಇಲ್ಲ. ಒಂದಾಣೆ ನಾಣ್ಯ ಬಳಕೆಗೆ ಬಂದದ್ದು 1907ರಲ್ಲಿ, ಏಳನೇ ಎಡ್ವರ್ಡ್ ಕಾಲಕ್ಕೆ. ಅದೂ ತಾಮ್ರಕ್ಕೆ ನಿಕ್ಕಲ್ ಬೆರೆಸಿದ್ದು, ಅಂಚು ಅಲೆಅಲೆಯಾಗಿ ಇತ್ತು. ಇದೇ ನಕಲಿಗಳಲ್ಲಿ 1616, 1717 ಅಂತೆಲ್ಲ ಇಸವಿ ಇರೋದೂ ಸಿಗ್ತವೆ. 1616ರಲ್ಲಿ ಕಂಪನಿಯವರು ಸೂರತ್ತಿನಲ್ಲಿ ಇನ್ನೂ ವ್ಯಾಪಾರ ಶುರು ಮಾಡ್ತಾ ಇದ್ದರು. ಯಾವ ರಾಮ, ಯಾವ ಆಣೆ!

ಭಕ್ತಿಪಥ:
ಸ್ವಲ್ಪ ನೋಡಿ ಮಾತಾಡಿ. ನಮ್ಮ ಮನೆ ದೇವರ ಗೂಡಿನಲ್ಲೂ ರಾಮಟಂಕ ಇದೆ. ತಾತನ ಕಾಲದಿಂದ ಪೂಜೆ ಮಾಡ್ತಾ ಇದ್ದೀವಿ. ಅದೆಲ್ಲ ಸುಳ್ಳಾ?

ಚಾಮರಾಜಪುರಂ ಮೇಷ್ಟ್ರು:
ಸುಳ್ಳಲ್ಲ. ಎರಡೂ ಬೇರೆ ಬೇರೆ, ಅಷ್ಟೇ. ರಾಮಟಂಕ ಅನ್ನುವುದು ಪೂಜೆಗೆಂದೇ ಮಾಡಿದ ಮುದ್ರೆ. ಚಿನ್ನ, ಬೆಳ್ಳಿಯಲ್ಲಿ ಹಳೆಯವೂ ಇವೆ. ಅದು ತಾನು ಅಂಗಡಿಯಲ್ಲಿ ನಡೆಯುವ ದುಡ್ಡು ಅಂತ ಎಲ್ಲೂ ಹೇಳಿಕೊಳ್ಳುವುದಿಲ್ಲ. ಇಲ್ಲಿ ಚರ್ಚೆ ಇರುವುದು ರಾಮನ ಬಗ್ಗೆ ಅಲ್ಲ, ಹಿಂದುಗಡೆ ಬರೆದ ಕಂಪನಿಯ ಹೆಸರು ಮತ್ತು ಒಂದಾಣೆ ಬಗ್ಗೆ. ದೇವರ ಗೂಡಿನಲ್ಲಿ ಇಡಲು ಯಾವ ಅಡ್ಡಿಯೂ ಇಲ್ಲ. ಪಾಲಿನ ಲೆಕ್ಕಕ್ಕೆ ಹಿಡಿಯಬಾರದು.

ಹೊಂಗೆಮರ:
ಇನ್ನೊಂದು ವಿಷಯ ಇವತ್ತೇ ಗೊತ್ತಾಯಿತು. ಚಿಕ್ಕಪ್ಪ ಆಗಲೇ ಒಂದು ನಂಬರಿಗೆ ಫೋಟೋ ಕಳಿಸಿದ್ದಾರೆ. ಆ ಕಡೆಯವರು ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಕಾಗದ ಕಳಿಸಿ, ನೋಂದಣಿಗೆ ಮೊದಲು ದುಡ್ಡು ಹಾಕಿ ಅಂದಿದ್ದಾರೆ. ಅಕ್ಕಿ ಕಾಳು ನಾಣ್ಯಕ್ಕೆ ಅಂಟುತ್ತಾ ನೋಡಿ ಅಂತಲೂ ಕೇಳಿದರಂತೆ.

ಹಳೆಕಾಸು:
ಒಂದು ಪೈಸೆಯನ್ನೂ ಹಾಕಬೇಡಿ! ಹಳೆ ನಾಣ್ಯ, ನೋಟು ಕೊಳ್ಳುವ ಮಾರುವ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಅದಕ್ಕೆಂದು ಶುಲ್ಕವನ್ನಾಗಲಿ ಕಮಿಷನ್ ಆಗಲಿ ತಾನು ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಅದರ ಹೆಸರು, ಮುದ್ರೆ ಇಟ್ಟುಕೊಂಡೇ ಮೋಸ ಮಾಡ್ತಾರೆ. ಅಕ್ಕಿ ಎಳೆಯುವ ನಾಣ್ಯ ಅನ್ನೋದು ಇನ್ನೂ ದೊಡ್ಡ ಮೋಸ. ಅಕ್ಕಿಗೆ ಕಬ್ಬಿಣದ ಪುಡಿ ಹಿಡಿಸಿ, ನಾಣ್ಯಕ್ಕೆ ಅಯಸ್ಕಾಂತ ಸೇರಿಸಿ ತೋರಿಸ್ತಾರೆ. ದುಡ್ಡು ಹಾಕಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊಂಗೆಮರ:
ಹಾಕಿಲ್ಲ, ಪುಣ್ಯ. ಅತ್ತೆ ಫೋನ್ ಕಿತ್ತುಕೊಂಡರು.

ನಿಂಬೆಹುಳಿ:
ಅತ್ತೆಗೆ ಒಂದು ನಮಸ್ಕಾರ. ಅಂದ ಹಾಗೆ ಅಯಸ್ಕಾಂತ ಹಿಡಿದರೆ ಖೋಟಾ ಅಂತಾರಲ್ಲ, ಅದು ಸರೀನಾ? ನನ್ನ ಹತ್ತಿರ 1947ರ ಹುಲಿ ರೂಪಾಯಿ ಇದೆ. ಅಯಸ್ಕಾಂತಕ್ಕೆ ಟಕ್ ಅಂತ ಅಂಟಿಕೊಳ್ತು. ಬಿಸಾಕಲಾ?

ತೊಲಬಂಗಾರ:
ಬಿಸಾಕೋದಾದರೆ ಅಶೋಕ ರಸ್ತೆ ಕಡೆ ಬಂದು ಬಿಸಾಕಿ, ನಾನು ಆರಿಸ್ಕೋತೀನಿ. 1947ರ ರೂಪಾಯಿ ಬೆಳ್ಳಿಯದ್ದಲ್ಲ, ನಿಕ್ಕಲ್ಲಿನದು. ನಿಕ್ಕಲ್ ಅಯಸ್ಕಾಂತಕ್ಕೆ ಅಂಟಲೇಬೇಕು. ಅದು ಅಂಟದಿದ್ದರೆ ಅನುಮಾನ ಪಡಬೇಕಿತ್ತು. ವಿಕ್ಟೋರಿಯಾ ರೂಪಾಯಿ ಅಂಟಿದರೆ ಮಾತ್ರ ಖೋಟಾ. ಆದರೆ ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ಅಲ್ಲ. ತಾಮ್ರ, ಹಿತ್ತಾಳೆ, ಸೀಸ, ಜರ್ಮನ್ ಸಿಲ್ವರ್ (ಬೆಳ್ಳಿಯಂತೆ ಕಾಣುವ, ಆದರೆ ಬೆಳ್ಳಿಯೇ ಇಲ್ಲದ ಮಿಶ್ರಲೋಹ) ಯಾವುದೂ ಅಂಟಲ್ಲ.

ನಮ್ಮದು ಮೂರು ತಲೆಮಾರಿನ ಅಕ್ಕಸಾಲಿ ಮನೆ. ಮೊದಲು ತೂಕ ಹಾಕಿ ಅಕ್ಕ. 1835ರ ಕಾನೂನಿನಿಂದ ರೂಪಾಯಿ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ನಾವು ತೊಲ ಅಂತ ಕರೆಯೋದು ಇದನ್ನೇ. ರೂಪಾಯಿ ಇಟ್ಟೇ ತೊಲ ತೂಗ್ತಾ ಇದ್ದರು. ಅದರಲ್ಲಿ 12 ಭಾಗಕ್ಕೆ 11 ಭಾಗ ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಕೈಯಾಡಿ ಸವೆದಿದ್ದರೆ ತೂಕ ಒಂದಿಷ್ಟು ಕಮ್ಮಿ ಬರುತ್ತೆ. ಒಂದು ಮಾತು ನೆನಪಿಡಿ. ಅಂಗಡಿಗೆ ಒಯ್ದಾಗ ಯಾರಿಗೂ ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಒಡವೆಗೆ ಅದು ಸರಿ, ನಾಣ್ಯಕ್ಕೆ ಗಾಯ.

ಹೊಂಗೆಮರ:
ಮೈಸೂರಿನಲ್ಲಿ ಪರಿಚಯದ ಆಭರಣದ ಅಂಗಡಿಯಲ್ಲಿ ತೂಕ ಹಾಕಿಸಿದೆ. ಕೊಂಡಿ ಇಲ್ಲದ, ಕಚ್ಚಿಲ್ಲದ ರೂಪಾಯಿ 11.52 ಗ್ರಾಂ. ಕೊಂಡಿ ಇರೋದು 12.10. ಕಚ್ಚು ಇರೋದು 10.21. ಚಿನ್ನದ ಪರೀಕ್ಷೆಯ ಮಿಷನ್ನಿನಲ್ಲಿ ಇಟ್ಟು ನೋಡಿದರು. ಮೂರಕ್ಕೂ ಬೆಳ್ಳಿ ಅಂತಲೇ ಬಂತು. ಹಾಗಾದರೆ ಮೂರೂ ಅಸಲಿ ತಾನೆ?

ಹಳೆಕಾಸು:
ಕಚ್ಚಿರುವುದರ ವಿಷಯದಲ್ಲಿ ನಾನು ಇನ್ನೂ ಒಪ್ಪಲಾರೆ. ಫೋಟೋದಲ್ಲಿ ನೋಡಿ. ರಾಣಿಯ ಕೂದಲಿನ ಗೆರೆ, ಕಿರೀಟದ ಚುಕ್ಕಿ ಮೂರರಲ್ಲೂ ಹೆಚ್ಚು ಕಮ್ಮಿ ಅಷ್ಟೇ ಸವೆದಿವೆ. ಸವೆತ ಅಷ್ಟೇ ಆಗಿದ್ದರೆ ತೂಕ ಮಾತ್ರ 1.3 ಗ್ರಾಂ ಯಾಕೆ ಕಮ್ಮಿ? ಕಚ್ಚು ಹೊಡೆದಾಗ ಲೋಹ ಸೀಳುತ್ತೆ, ಅಷ್ಟು ಉದುರಿ ಹೋಗಲ್ಲ.

ಆ ಮಿಷನ್ ಎಕ್ಸ್-ಕಿರಣ ಬಿಟ್ಟು ಲೋಹ ಓದುತ್ತೆ. ಒಳ್ಳೆ ಸಾಧನವೇ. ಆದರೆ ಅದಕ್ಕೆ ಕಾಣೋದು ಮೇಲಿನ ಚರ್ಮ ಮಾತ್ರ. ಬೆಳ್ಳಿ ಲೇಪ ದಪ್ಪವಾಗಿದ್ದರೆ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಈಗ ನೀವು ನೀರಿನ ತೂಕ ನೋಡಬೇಕು. ಮನೆಯಲ್ಲೇ ಆಗುತ್ತೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು.

ತಕ್ಕಡಿ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲುಗಿಸಿ. ಆಗ ತಕ್ಕಡಿ ಎಷ್ಟು ತೋರಿಸುತ್ತೋ ಅದರಿಂದ ಒಣ ತೂಕವನ್ನು ಭಾಗಿಸಿ. ರೂಪಾಯಿ ಬೆಳ್ಳಿಗೆ 10.3ರ ಆಸುಪಾಸು ಬರಬೇಕು. ತಾಮ್ರಕ್ಕೆ 8.9. ಹಿತ್ತಾಳೆಗೆ, ಜರ್ಮನ್ ಸಿಲ್ವರ್‌ಗೆ ಅದಕ್ಕೂ ಕಮ್ಮಿ. ಸೀಸಕ್ಕೆ 11.3. ಆಮೇಲೆ ಒತ್ತಿ ಒರೆಸಿ, ಉಜ್ಜಬೇಡಿ.

ತೊಲಬಂಗಾರ:
ಕೊಂಡಿ ಇರೋದಕ್ಕೆ ಈ ಲೆಕ್ಕ ಸರಿಯಾಗಿ ಕೂರಲ್ಲ. ಬೆಸುಗೆ ಲೋಹ ಬೇರೆ ಇರುತ್ತೆ. ಅದನ್ನು ಬಿಡಿ.

ಇನ್ನೊಂದು. ಹಿಂದೆ ಅಂಗಡಿಯವರು ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ಸದ್ದು ಕೇಳ್ತಿದ್ದರು. ಬೆಳ್ಳಿ ಉದ್ದಕ್ಕೆ ಠಣ್ ಅಂತ ಎಳೆಯುತ್ತೆ. ಸೀಸ ಬೆರೆತಿದ್ದರೆ ದಬ್ ಅನ್ನುತ್ತೆ. ಆದರೆ ಕಚ್ಚು ಬಿದ್ದ, ಬೆಸುಗೆ ಹಾಕಿದ ನಾಣ್ಯ ಅಸಲಿಯಾದರೂ ಮೊದ್ದು ಸದ್ದೇ ಕೊಡುತ್ತೆ. ಈ ಮೂರರಲ್ಲಿ ಎರಡಕ್ಕೆ ಆ ಪರೀಕ್ಷೆಯಿಂದ ಏನೂ ತಿಳಿಯಲ್ಲ.

ಚಾಮರಾಜಪುರಂ ಮೇಷ್ಟ್ರು:
ಅಷ್ಟರಲ್ಲಿ ಆನೆ ಕಾಸಿನ ವಿಷಯ ನೋಡೋಣ. ನಮ್ಮ ಕಡೆ ಆನೆ ಇದ್ದ ಕಾಸನ್ನೆಲ್ಲ ಟಿಪ್ಪು ಕಾಸು ಅನ್ನುವುದು ರೂಢಿ. ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿ ಆನೆ ಇರುವುದು ನಿಜ. ಪೈಸೆ ಸುಮಾರು 11 ಗ್ರಾಂ, ಎರಡು ಪೈಸೆಯದು ಅದರ ಎರಡರಷ್ಟು. ಪೈಸೆಗೆ ಜೊಹ್ರಾ, ಅರ್ಧ ಪೈಸೆಗೆ ಬಹ್ರಾಮ್ ಅಂತ ಗ್ರಹಗಳ ಹೆಸರು ಕೊಟ್ಟಿದ್ದ. ಬರಹ ಎಲ್ಲ ಪರ್ಷಿಯನ್ನಿನಲ್ಲಿ. ಶ್ರೀರಂಗಪಟ್ಟಣದಲ್ಲಿ ಹೊಡೆದಿದ್ದರೆ ‘ಪಟನ್’ ಅಂತ ಟಂಕಸಾಲೆಯ ಹೆಸರಿರುತ್ತದೆ. ಮುಂದೆ ಅವನು ತನ್ನದೇ ಮೌಲೂದಿ ವರ್ಷದ ಲೆಕ್ಕ ತಂದ. ಆ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದೆ ಅಸಲಿ ನಾಣ್ಯವನ್ನೇ ‘ಇಸವಿ ತಪ್ಪಿದೆ, ಖೋಟಾ’ ಅಂದವರನ್ನು ನಾನು ಕಂಡಿದ್ದೇನೆ.

ನಿಮ್ಮ ಕಾಸಿನಲ್ಲಿ ಆನೆಯ ಮೇಲೆ ಸೂರ್ಯ ಚಂದ್ರರ ನಡುವೆ ಏನೋ ಅಕ್ಷರ ಇದ್ದ ಹಾಗಿದೆ. ಭೂತಗನ್ನಡಿ ಹಿಡಿದು ನೋಡಿ ಹೇಳಿ.

ಹೊಂಗೆಮರ:
ನೋಡಿದೆ ಮೇಷ್ಟ್ರೇ. ಕನ್ನಡದಲ್ಲಿ ‘ಶ್ರೀ’ ಅಂತ ಇದೆ! ಹಿಂದೆ ಕೆಳಗಡೆ ಇಂಗ್ಲಿಷಿನಲ್ಲಿ ಕ್ಯಾಶ್ ಅನ್ನುವುದರ ಅರ್ಧ ಕಾಣುತ್ತೆ. ಉಳಿದದ್ದು ನಾಣ್ಯದಿಂದ ಹೊರಗೇ ಹೋಗಿಬಿಟ್ಟಿದೆ. ಅಚ್ಚು ಪಕ್ಕಕ್ಕೆ ಸರಿದಿದೆ. ಇದು ಖೋಟಾ ಲಕ್ಷಣಾನಾ?

ಚಾಮರಾಜಪುರಂ ಮೇಷ್ಟ್ರು:
ತದ್ವಿರುದ್ಧ! ಇದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು. ಟಿಪ್ಪು ತೀರಿಕೊಂಡ 1799ರಲ್ಲಿ ಪಟ್ಟಕ್ಕೆ ಬಂದವರು. ಆನೆಯನ್ನು ಅವರ ಕಾಲದಲ್ಲೂ ಮುಂದುವರಿಸಿದರು, ಮೇಲೆ ‘ಶ್ರೀ’ ಬಂತು. ಹಿಂದುಗಡೆ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಬರಹ. ಆನೆಯ ಜಾಗಕ್ಕೆ ಸಿಂಹ ಬಂದ ಕಾಸುಗಳೂ ಅವರವೇ ಇವೆ.

ಹಳೆಕಾಸು:
ಮೇಷ್ಟ್ರು ಹೇಳಿದ್ದು ಸರಿ. ಅಚ್ಚು ಸರಿದಿರೋದು ಒಳ್ಳೆಯ ಸೂಚನೆ. ಕೈಯಲ್ಲಿ ಸುತ್ತಿಗೆಯಿಂದ ಹೊಡೆಯುವಾಗ ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಪ್ರತಿಯೊಂದೂ ಬೇರೆ ರೀತಿ ಕೂರುತ್ತೆ. ಆನೆ, ಅಕ್ಷರ, ಅಂಚಿನ ಚುಕ್ಕಿ ಎಲ್ಲಾ ಅಚ್ಚುಕಟ್ಟಾಗಿ ಒಳಗೇ ಕೂತಿದ್ದರೆ ಆಗ ನಾನು ಹುಷಾರಾಗ್ತೀನಿ.

ಎರಕದ ನಕಲಿಯಲ್ಲಿ ನೋಡಬೇಕಾದ್ದು ಮೂರು ಕಡೆ. ಮುಖದ ಮೇಲೆ ಸೂಜಿಮೊನೆಯಷ್ಟು ಗುಳಿಗಳು, ಗಾಳಿಗುಳ್ಳೆ ಒಡೆದದ್ದು. ಅಕ್ಷರದ ಬದಿ ಕಡಿದಾಗಿರದೆ ಕರಗಿದ ಬೆಲ್ಲದ ಹಾಗೆ ಜಾರಿರೋದು. ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತು. ಒಂದೇ ಗಾಯ ಒಂದೇ ಜಾಗದಲ್ಲಿ ಎರಡು ನಾಣ್ಯಗಳಲ್ಲಿ ಕಂಡರೆ ಎರಡೂ ಒಂದೇ ಅಚ್ಚಿನ ಎರಕ. ನಿಮ್ಮ ಫೋಟೋದಲ್ಲಿ ಇದ್ಯಾವುದೂ ಇಲ್ಲ. ಆದರೂ ಫೋಟೋ ನೋಡಿ ನೂರಕ್ಕೆ ನೂರು ಅಂತ ಯಾರೂ ಹೇಳಬಾರದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಸಂಗ್ರಹಾಲಯದಲ್ಲಿ ಟಿಪ್ಪು ಕಾಲದ ನಾಣ್ಯ ಇಟ್ಟಿದ್ದಾರೆ, ಹೋಗಿ ನೋಡಿ. ಅಸಲಿ ಹೇಗಿರುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಚೀನ ಇತಿಹಾಸ ವಿಭಾಗದಲ್ಲಿ ತೋರಿಸಿ. ಬೆಲೆ ಮಾತ್ರ ಅವರನ್ನು ಕೇಳಬೇಡಿ, ಅದು ಅವರ ಕೆಲಸ ಅಲ್ಲ.

ಪಟ್ಟಣದವ:
ಅಕ್ಕ, ಇವು ಪೆಟ್ಟಿಗೆಯಲ್ಲೇ ಸಿಕ್ಕಿದ್ದು ತಾನೆ? ಮನೆ ಪಾಯ ತೋಡುವಾಗ ಸಿಕ್ಕಿದ್ದಾದರೆ ಕತೆ ಬೇರೆ. ನಿಧಿಯ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು. ಇನ್ನು ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ಅಮೆರಿಕದಲ್ಲಿರೋ ಮಕ್ಕಳಿಗೆ ಅಂತ ಸುಮ್ನೆ ಪೋಸ್ಟಿನಲ್ಲಿ ಕಳಿಸಿಬಿಡಬೇಡಿ.

ಹೊಂಗೆಮರ:
ಪೆಟ್ಟಿಗೆಯಲ್ಲೇ ಸಿಕ್ಕಿದ್ದು. ಹೊರಗೆಲ್ಲೂ ಕಳಿಸಲ್ಲ.

ನೀರಿನ ತೂಕ ಮಾಡಿದೆ. ಮೊದಲು ದಾರ ದಪ್ಪ ಆಗಿ ಅಂಕಿ ಓಲಾಡ್ತಿತ್ತು, ಹೊಲಿಗೆ ದಾರ ಹಾಕಿದ ಮೇಲೆ ನಿಂತಿತು. ಕಚ್ಚಿಲ್ಲದ ರೂಪಾಯಿ ಮುಳುಗಿದಾಗ 1.12. ಭಾಗಿಸಿದರೆ 10.29. ಕಚ್ಚಿರೋದು 1.15 ತೋರಿಸಿತು. ಭಾಗಿಸಿದರೆ 8.88. ಬೇರೆ ಹೊತ್ತಿನಲ್ಲಿ ಅಪ್ಪ ಮಾಡಿದಾಗಲೂ ಅಷ್ಟೇ ಬಂತು.

ಹಳೆಕಾಸು:
ಅದು ತಾಮ್ರ. ಗಾತ್ರ ಹೆಚ್ಚು ಕಮ್ಮಿ ಒಂದೇ ಇದೆ, ಲೋಹ ಹಗುರ. ಈಗ ಕಚ್ಚಿನ ಒಳಗೆ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಏನನ್ನೂ ಕೆರೆಯಬೇಡಿ.

ಹೊಂಗೆಮರ:
ಕಚ್ಚಿನ ತಳ ಕಂದುಕೆಂಪು. ಪಕ್ಕದಲ್ಲಿ ಬೆಳ್ಳಿ ಪದರ ತೆಳ್ಳಗೆ ಮಡಚಿಕೊಂಡಿರೋದು ಕಾಣುತ್ತೆ. ಅಂಚಿನ ಗೀರುಗಳನ್ನೂ ಒಳ್ಳೆ ರೂಪಾಯಿ ಪಕ್ಕ ಇಟ್ಟು ನೋಡಿದೆ. ಒಳ್ಳೆಯದರಲ್ಲಿ ಸಮವಾಗಿವೆ, ಇದರಲ್ಲಿ ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಅಗಲ. ಆದರೆ ಒಂದು ಅರ್ಥ ಆಗಲಿಲ್ಲ. ಈ ಕಚ್ಚಿನ ಒಳಗೂ ಕಪ್ಪು ಕೂತಿದೆ. ಇದು ಹೊಸದಾಗಿ ಮಾಡಿದ್ದಲ್ಲ ಅನ್ನಿಸುತ್ತೆ.

ಚಾಮರಾಜಪುರಂ ಮೇಷ್ಟ್ರು:
ಹೊಸದಲ್ಲ. ಹಳೆಯದೂ ಹೌದು, ಖೋಟಾನೂ ಹೌದು. ಇಂದಿನ ನಕಲಿಗಳನ್ನು ಮಾಡುವುದು ನಾಣ್ಯ ಸಂಗ್ರಹಿಸುವವರನ್ನು ಮೋಸ ಮಾಡಲು. ಇದನ್ನು ಮಾಡಿದ್ದು ಸಂತೆಯಲ್ಲಿ ಚಲಾಯಿಸಲು. ರೂಪಾಯಿ ನಡೆಯುತ್ತಿದ್ದ ಕಾಲದಲ್ಲೇ ಯಾರೋ ತಾಮ್ರಕ್ಕೆ ಬೆಳ್ಳಿ ಹೊದಿಸಿ ಬಿಟ್ಟಿದ್ದಾರೆ.

ಕಚ್ಚು ಅದನ್ನು ಹಿಡಿದವರ ಕೆಲಸ. ಚಿನಿವಾರರು, ಅಂದರೆ ನಾಣ್ಯ ಪರೀಕ್ಷಿಸಿ ಬದಲಿಸಿಕೊಡುತ್ತಿದ್ದವರು, ಅನುಮಾನ ಬಂದ ರೂಪಾಯಿಗೆ ಹೀಗೆ ಉಳಿ ಹಾಕಿ ಒಳಗೆ ನೋಡುತ್ತಿದ್ದರು. ಬ್ರಿಟಿಷ್ ಇಂಡಿಯಾದ 1906ರ ನಾಣ್ಯ ಕಾಯ್ದೆಯಲ್ಲಂತೂ, ಖೋಟಾ ಎಂದು ಕಂಡ ಬೆಳ್ಳಿ ನಾಣ್ಯವನ್ನು ಅಧಿಕಾರ ಪಡೆದವರು ಕತ್ತರಿಸಬೇಕು, ನಷ್ಟ ತಂದವನದೇ ಎಂದಿತ್ತು. ನಿಮ್ಮದಕ್ಕೆ ಅಂಗಡಿಯಲ್ಲಿ ಕಚ್ಚು ಬಿತ್ತೋ ಖಜಾನೆಯಲ್ಲಿ ಬಿತ್ತೋ, ನಾಣ್ಯ ನೋಡಿ ಹೇಳಲಾಗದು.

ಹೊಂಗೆಮರ:
ಇದನ್ನು ಓದಿ ಹೇಳಿದ ಮೇಲೆ ಅತ್ತೆಗೆ ನೆನಪಾಯಿತು. ಮುತ್ತಜ್ಜ ಕಂದಾಯ ಕಟ್ಟಲು ಹೋದಾಗ ಒಂದು ರೂಪಾಯಿ ತೆಗೆದುಕೊಳ್ಳದೆ ಕಳಿಸಿದ್ದರಂತೆ. ಅದನ್ನು ಕೊಟ್ಟವನು ಯಾರು ಅಂತ ಮುತ್ತಜ್ಜನಿಗೆ ಗೊತ್ತಿತ್ತಂತೆ, ಬಾಯಿ ಬಿಡಲಿಲ್ಲವಂತೆ. ಅಜ್ಜಿ ಹೇಳ್ತಿದ್ದರಂತೆ. ಇದೇ ಆ ರೂಪಾಯಿ ಅಂತ ಹೇಳಲು ಆಧಾರ ಏನೂ ಇಲ್ಲ. ಆದರೆ ಅತ್ತೆ ಈಗ ಆನೆ ಕಾಸು ಬಿಟ್ಟು ಇದೇ ಬೇಕು ಅಂತ ಕೂತಿದ್ದಾರೆ.

ನಿಂಬೆಹುಳಿ:
ಖೋಟಾ ನಾಣ್ಯಕ್ಕೆ ಜಗಳ ಆಡೋ ಮನೆ ಇದೊಂದೇ ಇರಬೇಕು. ಇಟ್ಟುಕೊಂಡರೆ ಪೊಲೀಸರು ಬರಲ್ವಾ?

ಪಟ್ಟಣದವ:
ಅಸಲಿ ಅಂತ ಹೇಳಿ ಯಾರಿಗಾದರೂ ದಾಟಿಸಿದರೆ ಬರ್ತಾರೆ. ಖೋಟಾ ಅಂತ ಚೀಟಿ ಬರೆದು ಜೊತೆಗೆ ಇಡಿ. ಮುಂದೆ ಮೊಮ್ಮಕ್ಕಳು ಗೊತ್ತಿಲ್ಲದೆ ಮಾರಬಾರದು.

ಹೊಂಗೆಮರ:
ಚೀಟಿ ಬರೆದೆವು. ಪಾಲೂ ಆಯಿತು. ಅತ್ತೆಗೆ ಕಚ್ಚಿನ ರೂಪಾಯಿ ಮತ್ತು ಕೊಂಡಿಯದು. ಅಪ್ಪನಿಗೆ ಆನೆ ಕಾಸು. ಚಿಕ್ಕಪ್ಪನಿಗೆ ಒಳ್ಳೆ ರೂಪಾಯಿ. ರಾಮನ ನಾಣ್ಯವನ್ನೂ ಅವರೇ ಒಯ್ದರು. ಲಕ್ಷದ ಮಾತು ಈಗ ಆಡ್ತಿಲ್ಲ, ದೇವರ ಗೂಡಿಗೆ ಅಂದರು. ಆ ವಿಡಿಯೋ ಮಾತ್ರ ಇನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ.

ಕೊನೇ ಪ್ರಶ್ನೆ. ಕೊಂಡಿ ತೆಗೆಸಿದರೆ ರೂಪಾಯಿಗೆ ಬೆಲೆ ಜಾಸ್ತಿ ಆಗುತ್ತಾ? ಇವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಇಡಬಹುದಾ?

ತೊಲಬಂಗಾರ:
ಕೊಂಡಿ ತೆಗೆಸಬೇಡಿ. ಬೆಂಕಿ ತೋರಿಸಿದರೆ ಅಷ್ಟು ದೂರ ಬೆಳ್ಳಿ ಬಣ್ಣ ಕೆಡುತ್ತೆ, ಬೆಸುಗೆಯ ಕಲೆ ಹೇಗಿದ್ದರೂ ಉಳಿಯುತ್ತೆ. ಅತ್ತೆ ಸರಕ್ಕೆ ಹಾಕಿಕೊಳ್ಳಲಿ. ಮೆತ್ತನೆಯ ಪ್ಲಾಸ್ಟಿಕ್ ಕವರು ಬೇಡ, ವರ್ಷ ಕಳೆದ ಹಾಗೆ ಹಸಿರು ಜಿಗುಟು ಕೂರುತ್ತೆ. ಒಂದೊಂದನ್ನೂ ಬೇರೆ ಬೇರೆ ಒಣ ಕಾಗದದ ಲಕೋಟೆಯಲ್ಲಿ ಇಡಿ. ಅರಿಶಿನ ಕುಂಕುಮದ ಬಟ್ಟಲಿಂದ ದೂರ.